ಅರ್ಧ ಅಂಕ

ಶುಕ್ರವಾರ ಮಧ್ಯಾಹ್ನ, ಹವಾಮಾನ ನಕ್ಷೆಯ ಪ್ರಾಕ್ಟಿಕಲ್.
ಹಳೆಯ ಜುಲೈ ಒಂದನ್ನು ಜೆರಾಕ್ಸ್ ಮಾಡಿಸಿ ಹಂಚಿದ್ದೇನೆ,
ಹದಿನೆಂಟು ಮಂದಿಗೆ ಹದಿನೆಂಟು ಜುಲೈ.
ಕರಾವಳಿಯುದ್ದಕ್ಕೂ ಸಮಭಾರ ರೇಖೆಗಳು
ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ, ಒತ್ತೊತ್ತಾಗಿ.

ಹಾಸನ ನಕ್ಷೆಯಲ್ಲಿಲ್ಲ.
ಮಂಗಳೂರಿಗೊಂದು ಸೊನ್ನೆ, ಪೂರ್ತಿ ಕಪ್ಪು: ಮುಗಿಲು ಮುಚ್ಚಿದೆ.
ಬೆಂಗಳೂರಿಗೊಂದು, ಮುಕ್ಕಾಲು.
ನಡುವಿನ ಖಾಲಿ ಕಾಗದದಲ್ಲಿ ನಾವು ಕೂತಿದ್ದೇವೆ,
ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ
ಜಾಮಿಟ್ರಿ ಬಾಕ್ಸ್ ಹೇರಿಕೊಂಡು.

"ನಮ್ಮೂರಿನ ಒತ್ತಡ ಒಂಬೈನೂರ ಚಿಲ್ಲರೆ. ಹಾಗೇ ಬರೆಯಬಾರದು.
ಊರಿನ ಕೆಳಗಿನ ಮೂರು ಸಾವಿರ ಅಡಿ ಕಲ್ಲುಮಣ್ಣು ತೆಗೆದು
ಅಷ್ಟಕ್ಕೂ ಗಾಳಿ ತುಂಬಿದಂತೆ ಲೆಕ್ಕ ಹಾಕಿ,
ಸಮುದ್ರದ ಮಟ್ಟಕ್ಕೆ ಇಳಿಸಿ."
ನಂಜೇಶ ಕಿಟಕಿಯಾಚೆ ಸೀಗೆಗುಡ್ಡ ನೋಡಿ
"ಅದನ್ನೂ ಇಳಿಸಬೇಕಾ ಮೇಡಂ?" ಅಂದ.
ಅದನ್ನೂ.

ಆಮೇಲೆ ಪುಸ್ತಕದ ನೂರಾ ಹನ್ನೆರಡನೇ ಪುಟ.
ಶೀತ ವಾತಾಗ್ರಕ್ಕೆ ನೀಲಿ ಗೆರೆ, ಗರಗಸದ ಹಲ್ಲು.
ಉಷ್ಣಕ್ಕೆ ಕೆಂಪು, ಸಾಲಾಗಿ ಅರೆಚಂದ್ರ.
ಬಿಸಿಗಾಳಿ ತಣ್ಣನೆಯದರ ಬೆನ್ನೇರುತ್ತದೆ, ನಿಧಾನ;
ತಣ್ಣನೆಯದು ಬಿಸಿಯದರ ಬುಡಕ್ಕೇ ಗುದ್ದಲಿ ಹಾಕುತ್ತದೆ.
ಎರಡೂ ಕೈ ಒಂದರ ಮೇಲೊಂದು ಜಾರಿಸಿ ತೋರಿಸುತ್ತೇನೆ.
ಹತ್ತೊಂಬತ್ತು ವರ್ಷದಿಂದ ತೋರಿಸುತ್ತಿದ್ದೇನೆ.
ಒಂದನ್ನೂ ಕಂಡವಳಲ್ಲ.

"ನಮ್ಮ ಕಡೆಗೆ ಯಾವಾಗ ಬರುತ್ತೆ?"
ಬರೋದಿಲ್ಲ. ಈ ತಿಂಗಳು ನಮ್ಮದು ಒಂದೇ ಗಾಳಿ,
ಕಡಲಿಂದ ಬಂದು ಘಟ್ಟಕ್ಕೆ ಹಾಯುತ್ತದೆ, ಏರುತ್ತದೆ, ಸುರಿಯುತ್ತದೆ.
ಎದುರಾಳಿಯಿಲ್ಲದ ಕಡೆ ಗೆರೆಯಿಲ್ಲ.
ಪರೀಕ್ಷೆಗೆ ಇಷ್ಟು ಸಾಕು.

ತಸ್ನೀಮ್ ಒಪ್ಪಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ.
ಅವಳ ಹಾಳೆ ತಿದ್ದುವಾಗ ಕಂಡೆ:
ಸಕಲೇಶಪುರಕ್ಕೂ ಹಾಸನಕ್ಕೂ ನಡುವೆ, ಅಂದಾಜಿನ ಮೇಲೆ,
ಒಂದು ನೀಲಿ ಗೆರೆ, ಅದಕ್ಕೆ ಏಳು ಹಲ್ಲು.
ಪಕ್ಕದಲ್ಲಿ ಸಣ್ಣಕ್ಷರ:
"ನಮ್ಮಣ್ಣ ಮಂಗಳೂರಿಂದ ಮೀನಿನ ಲಾರಿ ತರ್ತಾನೆ.
ಇಲ್ಲಿ ವೈಪರ್ ನಿಲ್ಲಿಸ್ತಾನೆ. ದಿನಾ ಇಲ್ಲೇ.
ಹಿಂದಿನ ಟೈರು ಇನ್ನೂ ಒದ್ದೆ, ಮುಂದಿನದಕ್ಕೆ ಧೂಳು."

ಚಿಹ್ನೆ ತಪ್ಪು. ಅರ್ಧ ಅಂಕ ಕಳೆದೆ.
ಹಲ್ಲುಗಳು ಹಾಸನದ ಕಡೆ ಮುಖ ಮಾಡಿದ್ದವು,
ಅಂದರೆ ಗೆರೆ ಇತ್ತಲೇ ಬರುತ್ತಿದೆ ಅಂತ.
ಗೊತ್ತಿದ್ದೇ ಬರೆದಳೋ, ಕೈ ತಾನೇ ಹಾಗೆ ಹೋಯಿತೋ.

ತಲೆಯೆತ್ತಿದರೆ ಸೀಗೆಗುಡ್ಡದ ತುದಿ ಇರಲಿಲ್ಲ.
ಬೆಲ್ಲಿಗೆ ಇನ್ನೂ ಹೊತ್ತಿತ್ತು; ಅಟೆಂಡರ್ ಮುದ್ದಪ್ಪ
ಸೈಕಲ್ ಸೀಟಿಗೆ ಪ್ಲಾಸ್ಟಿಕ್ ಕಟ್ಟಲು ಓಡಿದ.
ಕಳೆದ ಅರ್ಧ ನಾನು ವಾಪಸು ಕೊಡಲಿಲ್ಲ.
ಕೆಂಪು ಪೆನ್ನಿನ ಮುಚ್ಚಳವನ್ನೂ
ಬಹಳ ಹೊತ್ತು ಹಾಕಲಿಲ್ಲ.