ಕಿಲಾರಿ ಪಾಲಯ್ಯನ ಎಣಿಕೆ

ಗಾಳಿಯಲ್ಲಿನ್ನೂ ಚಳಿಯಿತ್ತು. ಕುದಾಪುರದ ಬೇಲಿಯಾಚೆ
ದೇವರೆತ್ತುಗಳ ಜೊತೆ ಪಾಲಯ್ಯ; ಈಚೆ
ವೈರು, ಬ್ಯಾಟರಿ, ಚಹಾದ ಫ್ಲಾಸ್ಕು, ನಾನು.
ಹೆಲಿಕಾಪ್ಟರು ಏರಲು ಇನ್ನೂ ಒಂದು ಗಂಟೆ.

ಅವನು ಕೇಳಿದ, ನಾನು ಹೇಳುತ್ತಾ ಹೋದೆ:
ಚೀನಾದವರು ಬಿದಿರಿಗೆ ತುಂಬಿದ ಮದ್ದು,
ಮೈಸೂರಿನವರ ಕಬ್ಬಿಣದ ಕೊಳವೆ,
ಎಲೆಕೋಸಿನ ಹೊಲದಲ್ಲಿ
ಎರಡೂವರೆ ಸೆಕೆಂಡು ಹಾರಿ ಬಿದ್ದದ್ದು,
ಲಂಡನ್ನಿನ ಮನೆಗಳ ಮೇಲೆ
ಸದ್ದಿಗಿಂತ ಮೊದಲೇ ಬಂದದ್ದು,
ತುಂಬಾದಲ್ಲಿ ಸೈಕಲ್ಲೇರಿ ಹೋದ ಮೂತಿ.
ಮಧ್ಯೆ, ಭೂಮಿ ಸುತ್ತಿದ ಒಂದು ನಾಯಿ.

ಅಲ್ಲಿ ತಡೆದ. "ಬಂತಾ ಅದು?"
ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

"ಇಲ್ಲ."

"ಬರೋ ದಾರಿ ಮಾಡ್ದಂಗೇ ಕಳ್ಸಿದ್ರಾ?"
ಬಹಳ ಹೊತ್ತು ಮಾತಿಲ್ಲ. ಮುಳ್ಳುತಂತಿಗೆ ಸಿಕ್ಕ
ಕಂಬಳಿಯ ಎಳೆಯೊಂದನ್ನು ಬಿಡಿಸುತ್ತಲೇ ಇದ್ದ.

ಧ್ವನಿವರ್ಧಕದಲ್ಲಿ ಹತ್ತು, ಒಂಬತ್ತು, ಎಂಟು...
ಅವನಿಗೆ ನಗು: "ಹೋಗೋದನ್ನ ಎಣಿಸ್ತಾರೇನು?
ರೊಪ್ಪದ ಬಾಯಾಗೆ ನಿಂತು
ಬಂದಿದ್ದನ್ನ ಎಣಿಸ್ಬೇಕು."

ನಾಲ್ಕೂವರೆ ಕಿಲೋಮೀಟರು ಮೇಲಿಂದ ಕೈಬಿಟ್ಟ ರೆಕ್ಕೆ
ತಾನೇ ತಿರುಗಿತು, ತಾನೇ ಸಾಲು ಹಿಡಿಯಿತು.
ಗಾಲಿ ನೆಲಕ್ಕೆ ತಾಗಿದಲ್ಲಿ ಹಿಡಿಯಷ್ಟು ಹೊಗೆ,
ಹಿಂದೆ ಫಕ್ಕನೆ ಅರಳಿದ ಬಟ್ಟೆ.
ಟೆಂಟಿನೊಳಗೆ ಯಾರೋ ಅತ್ತರು, ಯಾರೋ ಕುರ್ಚಿ ಬೀಳಿಸಿದರು.

ಬೇಲಿಯಾಚೆ ಪಾಲಯ್ಯ
ಕಿರುಬೆರಳು ಮಡಿಚಿ "ಒಂದು" ಅಂದ.

ಅವನಪ್ಪ ದನ ಮೇಯಿಸುತ್ತಿದ್ದ ಹುಲ್ಲು
ರನ್‌ವೇಯ ಎರಡೂ ಬದಿಗೆ
ಮೊಳಕಾಲೆತ್ತರ ನಿಂತಿತ್ತು,
ಯಾವ ಬಾಯಿಗೂ ಸಿಗದೆ.