ಪ್ಲಾಸ್ಟಿಕ್ ಆಲೂಗಡ್ಡೆ

ಗ್ರಿಮ್ಸ್‌ಬಿ. ಗುರುವಾರ, ಮಧ್ಯಾಹ್ನ ಎರಡೂವರೆ.
ಚರ್ಚಿನ ಹಿಂದಿನ ಕೋಣೆಯಲ್ಲಿ ಹನ್ನೊಂದು ಕುರ್ಚಿ,
ಹನ್ನೊಂದು ಸಕ್ಕರೆ ಕಾಯಿಲೆ.
ಫಿಲಿಪ್ಪಾ ಎಂಬ ಹುಡುಗಿ ಸೂಟ್‌ಕೇಸು ತೆರೆದಳು.
ನನ್ನ ಮೀನುಚಾಕುವಿಗಿರುವಷ್ಟೂ ವಯಸ್ಸಿಲ್ಲ ಅವಳಿಗೆ.
ಒಳಗೆ ಸ್ಪಂಜಿನಲ್ಲಿ ಕೊರೆದ ಗುಂಡಿಗಳು,
ಗುಂಡಿಗೊಂದು ತಿನಿಸು:
ಪ್ಲಾಸ್ಟಿಕ್ ಬ್ರೆಡ್ಡು, ಪ್ಲಾಸ್ಟಿಕ್ ಬಾಳೆಹಣ್ಣು,
ಬೇಯದ, ಕೊಳೆಯದ, ಮೊಳಕೆಯೊಡೆಯದ ಆಲೂಗಡ್ಡೆ.
ಮೀನೂ ಇತ್ತು. ಮುಳ್ಳಿಲ್ಲ, ಕಣ್ಣಿಲ್ಲ.
ಮೂವತ್ತನಾಲ್ಕು ವರ್ಷ ಹಡಗುಕಟ್ಟೆಯಲ್ಲಿ ಹ್ಯಾಡಕ್ ಸೀಳಿದವಳು ನಾನು,
ಅದು ಯಾವ ಮೀನೆಂದು ಹೇಳಲಾರೆ.

ತಟ್ಟೆಯ ಚಿತ್ರ ಹಂಚಿದಳು.
ಪಾಲುಪತ್ರ ಬರೆದ ಹಾಗೆ ಗೆರೆ ಎಳೆದ ತಟ್ಟೆ:
ಇಲ್ಲಿ ಸೊಪ್ಪು, ಇಲ್ಲಿ ಮಾಂಸ,
ಈ ದೊಡ್ಡ ಪಾಲು ಬ್ರೆಡ್ಡಿಗೆ, ಅನ್ನಕ್ಕೆ, ಆಲೂಗಡ್ಡೆಗೆ.
"ಕಂದು ಬ್ರೆಡ್ ತಿನ್ನಿ," ಅಂದಳು. "ನಿಧಾನ ಕರಗುತ್ತೆ."

ನಿಧಾನವಂತೆ.

ಮೂರು ವಾರ ಅವಳ ಮಾತು ಕೇಳಿದೆ.
ನೀರಲ್ಲಿ ಬೇಯಿಸಿದ ಓಟ್ಸು,
ಗೋಡೆಗೆ ಪೋಸ್ಟರು ಅಂಟಿಸುವ ಗೋಂದಿನಂಥದ್ದನ್ನು
ಕಣ್ಣುಮುಚ್ಚಿ ನುಂಗಿದೆ.
ಎರಡು ಗಂಟೆ ಬಿಟ್ಟು ಬೆರಳಿಗೆ ಸೂಜಿ.
ನನ್ನ ಬೆರಳು ಸುಲಭಕ್ಕೆ ರಕ್ತ ಬಿಟ್ಟುಕೊಡುವುದಲ್ಲ,
ಚಾಕು, ಉಪ್ಪು, ಮಂಜುಗಡ್ಡೆ ಕಂಡ ಚರ್ಮ.
ಹಿಂಡಿ ಹಿಂಡಿ ಒಂದು ಹನಿ.
ಹದಿಮೂರು ಪಾಯಿಂಟ್ ಎಂಟು.
ಮರುದಿನ ಎರಡು ಮೊಟ್ಟೆ, ಹೊಗೆಯಲ್ಲಿ ಒಣಗಿಸಿದ ಹೆರಿಂಗ್,
ಮೇಲೆ ಬೆಣ್ಣೆ, ಅವಳು ಕಂಡರೆ ಎದೆ ಹಿಡಿದುಕೊಳ್ಳುವಷ್ಟು.
ಆರು ಪಾಯಿಂಟ್ ಒಂಬತ್ತು.
ಬಿಂಗೋ ಚೀಟಿಯ ಬೆನ್ನಿಗೆ ಬರೆದಿಟ್ಟೆ.

ಕೈ ಎತ್ತಿ ಚೀಟಿ ಓದಿದೆ.
"ಪ್ರತಿ ದೇಹವೂ ಬೇರೆ, ಮಿಸೆಸ್ ಸ್ಕ್ರಿವನರ್."
ಹಾಗಾದರೆ ತಟ್ಟೆ ಮಾತ್ರ ಯಾಕೆ ಒಂದೇ?
ಕೇಳಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು.
ಜಗಳದ ಒಳ್ಳೆಯ ಮಾತೆಲ್ಲ ನನಗೆ ಬಸ್ಸಿನಲ್ಲೇ ಹೊಳೆಯುವುದು.
"ಮತ್ತೆ, ಪದೇಪದೇ ಚುಚ್ಚಿಕೊಳ್ಳಬೇಡಿ. ಸುಮ್ಮನೆ ಗಾಬರಿ."
ಪರೀಕ್ಷೆಯ ಪಟ್ಟಿ ನನಗೆ ಬರೆದುಕೊಡುವುದಿಲ್ಲ,
ಪಿಂಚಣಿಯಲ್ಲಿ ಕೊಳ್ಳುತ್ತೇನೆ, ಹನಿಗಿಷ್ಟು ಪೆನ್ನಿ.
ಬೆನ್ನಿಗೆ ದೊಣ್ಣೆ ಬೀಳುವಾಗ
ತಿರುಗಿ ನೋಡಬೇಡ, ನೋಡಿದರೆ ಹೆದರಿಕೆ ಅಂದ ಹಾಗಾಯಿತು.

ಪಕ್ಕದಲ್ಲಿ ವಿಲ್ಫ್ ಟಾಸ್ಕರ್.
ಎಡಗಾಲಿನ ಎರಡು ಬೆರಳು ಹೋಗಿವೆ,
ಬೂಟಿಗೆ ಮಾತ್ರ ಇನ್ನೂ ಪಾಲಿಶ್, ಒಳಗೆ ಖಾಲಿಯಿರುವ ತುದಿಗೂ.
ಹನ್ನೆರಡು ವರ್ಷ ತಟ್ಟೆಯ ಗೆರೆ ದಾಟದ ಮನುಷ್ಯ.
ಅವನನ್ನು ಕೇಳಿದಳು, ಮೆತ್ತಗೆ, ತಲೆ ವಾಲಿಸಿ:
"ನಿಜ ಹೇಳಿ, ಆಗಾಗ ಒಂದಿಷ್ಟು ಕೇಕು?"
ವಿಲ್ಫ್ ನಕ್ಕ. ಎಲ್ಲರೂ ನಕ್ಕರು.
ಅವನ ಕಿವಿ ಕೆಂಪಾದದ್ದು ನನಗೆ ಮಾತ್ರ ಕಂಡಿತು.

ಕೆಟ್ಟವಳಲ್ಲ ಹುಡುಗಿ.
ಕಚ್ಚಿ ಕಚ್ಚಿ ಮೊಂಡಾದ ಉಗುರು,
ಯಾರೋ ಬರೆದುಕೊಟ್ಟ ಹಾಳೆ, ಪ್ರತಿ ಗುರುವಾರ ಅದೇ ಹಾಳೆ.
ನಡುವೆ ಚಹಾ ಕೊಟ್ಟಳು. ಜೊತೆಗೆ ಬಿಸ್ಕತ್ತು!
"ಒಂದಾದರೆ ಪರವಾಗಿಲ್ಲ."
ಅವಳು ಕೆಟಲ್ಲಿನ ಕಡೆ ತಿರುಗಿದಾಗ
ಆಲೂಗಡ್ಡೆ ನನ್ನ ಚೀಲಕ್ಕೆ ಬಿತ್ತು.
ಬಿತ್ತು ಅನ್ನೋಣ.

ರಾತ್ರಿ ತಟ್ಟೆ ಹಾಕಿದೆ, ಅವಳ ಗೆರೆಯ ಪ್ರಕಾರವೇ:
ಎಲೆಕೋಸು, ಬೆಣ್ಣೆಯಲ್ಲಿ ಹುರಿದ ಹ್ಯಾಡಕ್,
ದೊಡ್ಡ ಪಾಲಿನಲ್ಲಿ ಅದು, ಮಿರಮಿರ ಮಿಂಚುತ್ತ
ಮದುಮಗನ ಹಾಗೆ ಕೂತಿತ್ತು.
ಸುತ್ತಲಿದ್ದದ್ದು ತಿಂದೆ. ಎರಡು ಗಂಟೆ. ಸೂಜಿ. ಹನಿ.
ಆರು ಪಾಯಿಂಟ್ ನಾಲ್ಕು.
ನಿನ್ನ ಆಲೂಗಡ್ಡೆ ಒಳ್ಳೆಯದು ಕಣೇ ಹುಡುಗಿ,
ಬಾಯಿಗೆ ಹೋಗದಿದ್ದರೆ.

ಬರುವ ಗುರುವಾರ ವಾಪಸು ಕೊಡುತ್ತೇನೆ, ಚೀಟಿಯ ಸಮೇತ.
ಅಲ್ಲಿಯ ತನಕ ಆ ಗುಂಡಿ ಖಾಲಿ ಇರಲಿ,
ಸೂಟ್‌ಕೇಸು ತೆರೆದಾಗಲೆಲ್ಲ
ಏನೋ ಕಡಿಮೆಯಿದೆ ಅಂತ ಅವಳಿಗೆ ಅನ್ನಿಸಲಿ.

ಫೋನು ಮಾಡಿ ವಿಲ್ಫ್‌ಗೆ ಹೇಳಿದೆ.
ಕೆಮ್ಮು ಬರುವವರೆಗೆ ನಕ್ಕ.
ಆಮೇಲೆ ತುಂಬ ಹೊತ್ತು ಮಾತಿಲ್ಲ,
ಅವನ ಮನೆಯ ಟಿವಿ ಮಾತ್ರ ಕೇಳುತ್ತಿತ್ತು.
"ಆ ಸೂಜಿ," ಅಂದ, "ಎಷ್ಟಕ್ಕೆ ಸಿಗುತ್ತೆ, ಗ್ಲೆಂಡಾ?"