ಹಿಂದಿನ ಸೀಟು

ನಲ್ವತ್ತನೇ ವರ್ಷದ ಸಂಚಿಕೆಗೆ ಎರಡು ಪುಟ ಚರಿತ್ರೆ ಬೇಕಂತೆ.
ನನಗೆ ಕೊಟ್ಟದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕ,
ಗ್ರೀಸು ಮೆತ್ತಿದ ರಟ್ಟು, ನಡುವೆ ಒಂದು ಹಾಳೆ ಹರಿದದ್ದು.
ಹರಿದವರು ಯಾರೆಂದು ಎಲ್ಲರಿಗೂ ಗೊತ್ತುಂಟು,
ಹೇಳುವವರಿಲ್ಲ.

ಮೊದಲ ಪುಟ: ಕಂಕನಾಡಿ, ಬೊನಿಫಾಸ್ ಕ್ರಾಸ್ತರ ಗ್ಯಾರೇಜು,
ಆದಿತ್ಯವಾರ, ಇಗರ್ಜಿ ಬಿಟ್ಟ ಮೇಲೆ.
ಹಾಜರು: ಎರಡು ಯೆಜ್ದಿ, ಒಂದು ರಾಜದೂತ,
ಅರ್ಧ ಬುಲೆಟ್ಟು (ಉಳಿದರ್ಧ ಗೋಣಿಯ ಮೇಲೆ ಬಿಚ್ಚಿ ಹಾಸಿತ್ತು),
ಮತ್ತೆ ನನ್ನಪ್ಪ ದೇಜಪ್ಪ, ಬಂಡಿಯೇ ಇಲ್ಲದೆ,
ಬ್ಯಾಂಕಿನ ಸಾಲದ ಅರ್ಜಿ ಜೇಬಲ್ಲಿಟ್ಟುಕೊಂಡು.

ಹೊರಗೆ ಹೆಂಗಸರು ನಿಂತಿದ್ದರು. ಅದು ಬರೆದಿಲ್ಲ.
ಒಳಗೆ ಹೆಸರಿಗೆ ಜಗಳ,
ಒಬ್ಬರಿಗೆ ಹುಲಿ ಬೇಕು, ಒಬ್ಬರಿಗೆ ಗರುಡ.
ಸೆವ್ರಿನ್ ಬಾಯಿ ಬಾಗಿಲಿಗೆ ಬಂದು ಕೇಳಿದರಂತೆ:
"ಎಂತ ಹುಲಿ ಮಾರಾಯ್ರೆ,
ಮಕ್ಕಳನ್ನು ಎಲ್ಲಿ ಕೂರಿಸ್ತೀರಿ?"

ಆಮೇಲಿನದು ಅವರದೇ ಕೈಬರಹ.
ನಿಯಮ ಒಂದು: ಹಿಂದಿನ ಸೀಟು ಖಾಲಿ ಇದ್ದವರಿಗೆ ಸವಾರಿ ಇಲ್ಲ.
ನಿಯಮ ಎರಡು ನೀರು ಬಿದ್ದು ಅಳಿಸಿದೆ.
ನಿಯಮ ಮೂರು: ಬರುವಾಗ ಮೀನು ತಂದರೆ
ಕೊನೆಯ ಬಂಡಿಯಲ್ಲೇ ತರತಕ್ಕದ್ದು.

ಸೋಮೇಶ್ವರ, ಕಾಪು, ಮಲ್ಪೆ, ಒಮ್ಮೆ ಚಾರ್ಮಾಡಿ.
ಟ್ಯಾಂಕಿನ ಮೇಲೆ ನಾನು, ನೆತ್ತಿಗೆ ಅಪ್ಪನ ಗಲ್ಲ,
ಹಿಂದೆ ಅಮ್ಮ, ಮಡಿಲಲ್ಲಿ ತಮ್ಮ,
ಅವನ ಎದೆಗವಚಿ ಬನ್ಸಿನ ಪೊಟ್ಟಣ.
ಈಗಾದರೆ ಪೊಲೀಸರು ದಂಡ ಹಾಕುತ್ತಾರೆ. ಹಾಕಲೇಬೇಕು.
ಬೀಫಾತುಮ್ಮ ಬುರ್ಖಾದ ಅಂಚನ್ನು ಮಂಡಿಯಡಿ ಸಿಕ್ಕಿಸಿ
ವೇಗ ಸಾಲದೆಂದು ಮೋಣಾಕರ ಬೆನ್ನಿಗೆ ಗುದ್ದುತ್ತಿದ್ದರು.
ಶೆಣೈ ಮಾಸ್ತರರ ಲ್ಯಾಂಬ್ರೆಟಾ ಸ್ಕೂಟರು,
ಅದಕ್ಕೆ ಸದಸ್ಯತ್ವ ಉಂಟೋ ಇಲ್ಲವೋ, ಚರ್ಚೆ ಆರು ಪುಟ.
ತೀರ್ಮಾನ: ಅವರ ಮನೆಯ ಪತ್ರೊಡೆ ಬರುವ ತನಕ ಉಂಟು.

ಹರಿದ ಹಾಳೆ ಒಂದು ಡಿಸೆಂಬರಿನದು.
ಊರಲ್ಲಿ ಕರ್ಫ್ಯೂ. ನಾಲ್ಕು ಆದಿತ್ಯವಾರ ಸವಾರಿ ಇಲ್ಲ.
ನನ್ನಿಂದ ನಿಮಗೆ ತೊಂದರೆ ಬೇಡವೆಂದು
ಮೋಣಾಕರೇ ಹೇಳಿ ಕಳಿಸಿದ್ದರು.
ಐದನೆಯದಕ್ಕೆ ಇಡೀ ಸಾಲು ಹೋಗಿ
ಅವರ ಅಂಗಳದಲ್ಲಿ ಹಾರನ್ ಹೊಡೆಯಿತು.
ಇಡೀ ಸಾಲು ಎಂದರೆ ನಾಲ್ಕು ಬಂಡಿ.
ಮೊದಲು ಒಂಬತ್ತಿದ್ದವು.

ಅದಾಗಿ ಎರಡು ವರ್ಷಕ್ಕೆ ಸೆವ್ರಿನ್ ಬಾಯಿ ತೀರಿಕೊಂಡರು,
ಜ್ವರ, ಮೂರೇ ದಿನ.
ತಿಂಗಳಾದ ಮೇಲೆ ಬೊನಿಫಾಸ್ ಬಂದು ಪುಸ್ತಕ ತೆರೆದು
ತನ್ನ ಹೆಸರಿನ ಮೇಲೆ ಕೆಂಪು ಗೀಟು ಎಳೆದರು.
ಕಾರಣ ಬರೆಯುವ ಕಡೆ: ನಿಯಮ ಒಂದು.

ಯಾರೂ ಮಾತಾಡಲಿಲ್ಲ. ಎಲ್ಲರೂ ಚೈನು ನೋಡುತ್ತಿದ್ದರು,
ಚೈನಿನಲ್ಲಿ ಏನೋ ಇದ್ದ ಹಾಗೆ.
ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ
ಬುಲೆಟ್ಟಿನ ಹಿಂದೆ ಕೂರಿಸಿದಳು.
ಸೀಟಿನಲ್ಲಿ ಒಂದು ತಗ್ಗು ಇತ್ತು,
ನನಗೆ ತುಂಬಾ ದೊಡ್ಡದು.
ನಾನು ಅದರೊಳಗೆ ಆಚೆ ಈಚೆ ಜಾರುತ್ತಾ
ಸುರತ್ಕಲ್ ತನಕ ಹೋದೆ.

ಪುಸ್ತಕದಲ್ಲಿ ಅಪ್ಪನ ಅಕ್ಷರ: ಸೀಟು ಭರ್ತಿ.
ಅಲ್ಲಿಂದ ಮುಂದೆ ಸರದಿ ಪಟ್ಟಿ, ಹನ್ನೊಂದು ವರ್ಷ,
ಈ ವಾರ ಮೋಣಾಕರ ಸಕೀನಾ, ಬರುವ ವಾರ ಶೆಣೈ ಮಾಸ್ತರರ ಕಿರಿಯವ.
ಮಳೆಗಾಲದ ಪುಟಗಳಲ್ಲಿ ಬರೇ ಚಹಾದ ಲೆಕ್ಕ.
ಪಟ್ಟಿ ನಿಂತದ್ದು ನಾವು ದೊಡ್ಡವರಾದ್ದರಿಂದ,
ಅಷ್ಟೇ, ಬೇರೆ ಏನಲ್ಲ.

ಇಷ್ಟು ಬರೆದೆ. ಎರಡು ಪುಟ ತುಂಬುವುದಿಲ್ಲ.

ಕಳೆದ ವಾರ ಬೊನಿಫಾಸರನ್ನು ಕೂರಿಸಿಕೊಂಡು ಹೋದೆ.
ಎಪ್ಪತ್ತಾರು ಅವರಿಗೆ, ಮೊಣಕಾಲು ಮಡಚುವುದಿಲ್ಲ,
ಗೇರು ಬದಲಿಸಿದಾಗಲೆಲ್ಲ ಹಿಂದಿನಿಂದ "ಛೆ" ಅನ್ನುತ್ತಾರೆ.
ಕೂಳೂರು ಸೇತುವೆ ಮೇಲೆ ನೆನಪಾಗಿ ಕೇಳಿದೆ:
"ಆ ಎರಡನೇ ನಿಯಮ ಎಂತ ಇದ್ದದ್ದು?"

ಅವರು ಉತ್ತರ ಹೇಳಿದರು, ಸಾಕಷ್ಟು ಉದ್ದದ್ದೇ.
ಹೆಲ್ಮೆಟ್ಟು, ಲಾರಿ, ಹೊಳೆಯ ಗಾಳಿ.
ಸೇತುವೆ ದಾಟಿದ ಮೇಲೆ ನಾನು ತಿರುಗಿ ಕೇಳಲಿಲ್ಲ.